ಕಿರಿಯರ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಮಕ್ಕಳ ರಕ್ಷಣೆ ಮತ್ತು ನಡವಳಿಕೆಯ ನಿಯಮಗಳು

ಫುಟ್‌ಬಾಲ್ ಕಲಿಯಲು, ಆಡಲು ಬರುವ 18 ವರ್ಷದೊಳಗಿನವರನ್ನು ದೌರ್ಜನ್ಯ, ಬೆದರಿಕೆ, ಅವಮಾನ, ಅಲಕ್ಷ್ಯಗಳಿಂದ ಕಾಪಾಡಲು ಕ್ಲಬ್‌ಗಳು ಪಾಲಿಸುವ ಕಟ್ಟಳೆಗಳ ವ್ಯವಸ್ಥೆ. ಇದರಲ್ಲಿ ಎರಡು ಭಾಗಗಳಿವೆ. ಮಗುವಿನ ಹತ್ತಿರ ಯಾರು ಬರಬಹುದು, ಹೇಗೆ ಬರಬಹುದು, ಅನುಮಾನ ಹುಟ್ಟಿದರೆ ಯಾರಿಗೆ ತಿಳಿಸಬೇಕು ಎಂಬುದು ಒಂದು. ಮೈದಾನದ ಒಳಗೂ ಅಂಚಿನಲ್ಲೂ ಆಟಗಾರರು, ಕೋಚ್‌ಗಳು, ತಂದೆತಾಯಿಗಳು ಹೇಗೆ ನಡೆದುಕೊಳ್ಳಬೇಕು ಎಂಬುದು ಇನ್ನೊಂದು. ಇಂಥ ನಿಯಮಗಳು ಈಗ ಅನೇಕ ದೇಶಗಳಲ್ಲಿವೆ. ಇಂಗ್ಲೆಂಡಿನಲ್ಲಿ ಅವು ಹಳ್ಳಿಯ ಉದ್ಯಾನದಲ್ಲಿ ಆಡುವ ಏಳು ವರ್ಷದವರ ತಂಡದವರೆಗೂ ಇಳಿದು ಬಂದಿವೆ. ಆದ್ದರಿಂದ ಈ ಲೇಖನ ಮುಖ್ಯವಾಗಿ ಅಲ್ಲಿನ ವ್ಯವಸ್ಥೆಯನ್ನು ಕುರಿತದ್ದು. ಆ ದೇಶ ಇದನ್ನು ತಾನಾಗಿಯೇ ಮುಂದಾಲೋಚಿಸಿ ಕಟ್ಟಲಿಲ್ಲ. ನೂರಾರು ಹುಡುಗರ ಬಾಲ್ಯ ಹಾಳಾದ ಮೇಲೆ ಕಟ್ಟಿತು. ಆ ಕಥೆಯನ್ನು ಬಿಟ್ಟು ನಿಯಮಗಳನ್ನಷ್ಟೇ ಓದಿದರೆ ಅವು ಬರೀ ಕಚೇರಿಯ ಕಾಗದದಂತೆ ಕಾಣುತ್ತವೆ.

ಹಿನ್ನೆಲೆ

ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್, ಅಂದರೆ ಎಫ್‌ಎ, ಹುಟ್ಟಿದ್ದು 1863ರಲ್ಲಿ. ಅದು ಮಕ್ಕಳ ರಕ್ಷಣೆಗೆಂದು ಸಮಗ್ರ ಕಾರ್ಯಕ್ರಮವೊಂದನ್ನು ಜಾರಿಗೆ ತಂದದ್ದು 2000ದ ಮೇ ತಿಂಗಳಲ್ಲಿ. ನಡುವೆ ಕಳೆದ ಒಂದೂವರೆ ಶತಮಾನಕ್ಕೂ ಸ್ವಲ್ಪ ಕಡಿಮೆ ಕಾಲದಲ್ಲಿ ಕೋಚ್ ಎಂದರೆ ಊರಿನವರು ಕಣ್ಣುಮುಚ್ಚಿ ನಂಬುವ ಮನುಷ್ಯ. ಸಂಬಳವಿಲ್ಲದೆ ಮಳೆಯಲ್ಲಿ ನಿಂತು ಊರ ಮಕ್ಕಳಿಗೆ ಆಟ ಕಲಿಸುವವನನ್ನು ಅನುಮಾನಿಸುವುದೇ ತಪ್ಪು ಎಂಬ ಭಾವನೆ ಇತ್ತು. ಬಹುಪಾಲು ಕೋಚ್‌ಗಳು ಆ ನಂಬಿಕೆಗೆ ತಕ್ಕವರೇ ಆಗಿದ್ದರು. ಆದರೆ ಆ ನಂಬಿಕೆಯ ಮರೆಯಲ್ಲಿ ಬೇಟೆಯಾಡಿದವರೂ ಇದ್ದರು.

ಮೊದಲ ಆಘಾತ ಬಂದದ್ದು ಈಜುಕೊಳದಿಂದ. ಬ್ರಿಟನ್ನಿನ ಒಲಿಂಪಿಕ್ ಈಜು ತಂಡಕ್ಕೆ ತರಬೇತಿ ನೀಡಿದ್ದ ಪಾಲ್ ಹಿಕ್ಸನ್‌ಗೆ ತನ್ನಲ್ಲಿ ಕಲಿಯುತ್ತಿದ್ದ ಹುಡುಗಿಯರ ಮೇಲೆ ಎಸಗಿದ ಲೈಂಗಿಕ ಅಪರಾಧಗಳಿಗಾಗಿ 1995ರಲ್ಲಿ 17 ವರ್ಷಗಳ ಸೆರೆವಾಸವಾಯಿತು. ಕ್ರೀಡೆಯಲ್ಲಿ ಹೀಗೂ ನಡೆಯುತ್ತದೆ ಎಂಬುದು ಎಲ್ಲ ಕ್ರೀಡಾ ಸಂಸ್ಥೆಗಳಿಗೂ ತಿಳಿದುಹೋಯಿತು. ಮಾಜಿ ಲ್ಯಾಕ್ರಾಸ್ ಆಟಗಾರ್ತಿಯೂ ಸಂಶೋಧಕಿಯೂ ಆದ ಸೀಲಿಯಾ ಬ್ರ್ಯಾಕೆನ್‌ರಿಜ್ ಇದನ್ನು ಅದಕ್ಕೂ ಮುಂಚಿನಿಂದಲೇ ಹೇಳುತ್ತ ಬಂದಿದ್ದರು; ಕೇಳಿಸಿಕೊಳ್ಳುವವರು ಕಡಿಮೆಯಿದ್ದರು. ಅವರ ‘ಸ್ಪಾಯಿಲ್‌ಸ್ಪೋರ್ಟ್ಸ್’ ಎಂಬ ಗ್ರಂಥ 2001ರಲ್ಲಿ ಹೊರಬಂದಿತು. ಅದೇ ವರ್ಷ ಎನ್‌ಎಸ್‌ಪಿಸಿಸಿ ಎಂಬ ಮಕ್ಕಳ ರಕ್ಷಣಾ ಸಂಸ್ಥೆಯೂ ಸ್ಪೋರ್ಟ್ ಇಂಗ್ಲೆಂಡ್ ಎಂಬ ಕ್ರೀಡಾ ಸಂಸ್ಥೆಯೂ ಸೇರಿ ಕ್ರೀಡೆಯಲ್ಲಿ ಮಕ್ಕಳ ರಕ್ಷಣೆಗೆಂದೇ ಪ್ರತ್ಯೇಕ ಘಟಕವೊಂದನ್ನು ತೆರೆದವು.

ಫುಟ್‌ಬಾಲಿನೊಳಗಿನ ಗಾಯ ಬಾಯಿಬಿಟ್ಟದ್ದು ಇನ್ನೂ ತಡವಾಗಿ. 2016ರ ನವೆಂಬರ್ 16ರಂದು ಆ್ಯಂಡಿ ವುಡ್‌ವರ್ಡ್ ಎಂಬ ಮಾಜಿ ವೃತ್ತಿಪರ ಆಟಗಾರ ತಮ್ಮ ಹೆಸರು, ಮುಖ ಎರಡನ್ನೂ ಮರೆಮಾಡದೆ ‘ಗಾರ್ಡಿಯನ್’ ಪತ್ರಿಕೆಗೆ ಸಂದರ್ಶನ ಕೊಟ್ಟರು. ಹುಡುಗನಾಗಿದ್ದಾಗ ಕ್ರೂ ಅಲೆಕ್ಸಾಂಡ್ರಾ ಕ್ಲಬ್ಬಿನಲ್ಲಿ ಬ್ಯಾರಿ ಬೆನೆಲ್ ಎಂಬ ಕೋಚ್ ತಮ್ಮ ಮೇಲೆ ವರ್ಷಗಟ್ಟಲೆ ನಡೆಸಿದ ಅತ್ಯಾಚಾರವನ್ನು ಹೇಳಿದರು. ಬಲಿಪಶುಗಳ ಹೆಸರು ಹೊರಬಾರದಂತೆ ಕಾನೂನು ಕಾಯುತ್ತದೆ. ಆ ರಕ್ಷಣೆಯನ್ನು ಅವರು ತಾವಾಗಿಯೇ ಬಿಟ್ಟುಕೊಟ್ಟಿದ್ದರು. ಕೆಲವೇ ದಿನಗಳಲ್ಲಿ ಸ್ಟೀವ್ ವಾಲ್ಟರ್ಸ್, ಇಂಗ್ಲೆಂಡ್ ತಂಡದಲ್ಲಿ ಆಡಿದ್ದ ಪಾಲ್ ಸ್ಟೂವರ್ಟ್ ಮತ್ತು ಡೇವಿಡ್ ವೈಟ್ ತಮ್ಮ ತಮ್ಮ ಅನುಭವ ಹೇಳಿಕೊಂಡರು. ಎಫ್‌ಎ ಬೆಂಬಲದೊಂದಿಗೆ ಎನ್‌ಎಸ್‌ಪಿಸಿಸಿ ತೆರೆದ ಸಹಾಯವಾಣಿಗೆ ಮೊದಲ ವಾರದಲ್ಲೇ 860ಕ್ಕೂ ಹೆಚ್ಚು ಕರೆಗಳು ಬಂದವು. ಕರೆ ಮಾಡಿದವರಲ್ಲಿ ಅನೇಕರು ನಡುವಯಸ್ಸು ದಾಟಿದ ಗಂಡಸರು. ಹೆಂಡತಿ ಮಕ್ಕಳಿಗೂ ಹೇಳದೆ ಮೂವತ್ತು ನಲವತ್ತು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಮೊದಲ ಸಲ ಹೊರಹಾಕಿದವರು.

ಬೆನೆಲ್ ಪ್ರಕರಣ ಕಾಲದ ಲೆಕ್ಕದಲ್ಲೇ ಎದೆ ನಡುಗಿಸುತ್ತದೆ. ಪ್ರವಾಸಕ್ಕೆ ಕರೆದೊಯ್ದ ಹುಡುಗನ ಮೇಲಿನ ಅಪರಾಧಕ್ಕಾಗಿ ಅವನಿಗೆ 1994ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಶಿಕ್ಷೆಯಾಗಿತ್ತು. 1998ರಲ್ಲಿ ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷ, 2015ರಲ್ಲಿ ಮತ್ತೆ ಎರಡು ವರ್ಷ. ವುಡ್‌ವರ್ಡ್ ಮಾತಾಡಿದ ಮೇಲೆ ಇನ್ನಷ್ಟು ಮಂದಿ ಮುಂದೆ ಬಂದರು. 12 ಹುಡುಗರ ಮೇಲೆ ಎಸಗಿದ 50 ಅಪರಾಧಗಳಿಗಾಗಿ 2018ರಲ್ಲಿ ಲಿವರ್‌ಪೂಲ್ ನ್ಯಾಯಾಲಯ 31 ವರ್ಷಗಳ ಶಿಕ್ಷೆ ವಿಧಿಸಿತು. ಅವನು 2023ರಲ್ಲಿ ಸೆರೆಯಲ್ಲೇ ಸತ್ತ. ಸೌತಾಂಪ್ಟನ್ನಿನ ಕಿರಿಯರ ಕೋಚ್ ಆಗಿದ್ದ ಬಾಬ್ ಹಿಗಿನ್ಸ್‌ಗೆ 2019ರಲ್ಲಿ 24 ವರ್ಷಗಳಿಗೂ ಮೀರಿದ ಶಿಕ್ಷೆಯಾಯಿತು. ಅವನು 1990ರ ದಶಕದ ಆರಂಭದಲ್ಲಿ ಒಮ್ಮೆ ನ್ಯಾಯಾಲಯದಿಂದ ಖುಲಾಸೆಯಾಗಿ ಹೊರಬಂದಿದ್ದವನು. ಚೆಲ್ಸಿ ಕ್ಲಬ್ 1970ರ ದಶಕದ ತನ್ನ ಪ್ರತಿಭಾನ್ವೇಷಕನೊಬ್ಬನಿಂದ ನೊಂದಿದ್ದ ಮಾಜಿ ಆಟಗಾರನಿಗೆ 2015ರಲ್ಲಿ 50,000 ಪೌಂಡ್ ಕೊಟ್ಟು, ವಿಷಯ ಹೊರಗೆ ಹೇಳಬಾರದೆಂಬ ಕರಾರಿಗೆ ಸಹಿ ಹಾಕಿಸಿಕೊಂಡಿತ್ತು. ಮುಂದಿನ ವರ್ಷ ಅದು ಬಯಲಾದಾಗ ಕ್ಲಬ್ ಕ್ಷಮೆ ಕೇಳಿತು.

ಎಫ್‌ಎ ನೇಮಿಸಿದ ವಕೀಲ ಕ್ಲೈವ್ ಶೆಲ್ಡನ್ 1970ರಿಂದ 2005ರವರೆಗಿನ ಕಾಲವನ್ನು ಪರಿಶೀಲಿಸಿ 2021ರ ಮಾರ್ಚ್‌ನಲ್ಲಿ ಏಳುನೂರು ಪುಟ ದಾಟಿದ ವರದಿ ಕೊಟ್ಟರು. ಪೊಲೀಸರ ಲೆಕ್ಕದಂತೆ ಶಂಕಿತರು ಕನಿಷ್ಠ 240, ನೊಂದವರು ಕನಿಷ್ಠ 692. ಹಿಕ್ಸನ್‌ಗೆ ಶಿಕ್ಷೆಯಾದ ಬಳಿಕ, 1995ರ ಅಕ್ಟೋಬರ್‌ನಿಂದ 2000ದ ಮೇವರೆಗೆ, ಎಫ್‌ಎ ತಕ್ಕಷ್ಟು ಬೇಗ ಕ್ರಮ ಕೈಗೊಳ್ಳಲಿಲ್ಲ. ಇದು ಸಂಸ್ಥೆಯಾಗಿ ಅದರ ದೊಡ್ಡ ವೈಫಲ್ಯ ಎಂದು ವರದಿ ಹೇಳಿತು. ಬೆನೆಲ್, ಹಿಗಿನ್ಸ್ ಇಬ್ಬರನ್ನೂ ಆಟದಿಂದ ನಿಷೇಧಿಸದೆ ಬಿಟ್ಟದ್ದನ್ನೂ ಎತ್ತಿ ತೋರಿತು. ಕ್ಲಬ್‌ಗಳ ವಿಷಯದಲ್ಲಿ ವರದಿಯಿಂದ ಏಳುವ ಚಿತ್ರ ಇನ್ನೂ ಬೇಸರದ್ದು. ಗುಸುಗುಸು ಇತ್ತು, ಆಡಳಿತದವರ ಕಿವಿಗೆ ಬಿದ್ದದ್ದೂ ಉಂಟು. ಹುಡುಗರು ರಾತ್ರಿ ಕೋಚ್ ಮನೆಯಲ್ಲಿ ತಂಗುತ್ತಾರೆ ಎಂಬುದು ಗೊತ್ತಿದ್ದೂ ಅವರ ಯೋಗಕ್ಷೇಮವನ್ನು ಯಾರೂ ಸರಿಯಾಗಿ ವಿಚಾರಿಸಲಿಲ್ಲ.

ಬಲೆ ನೇಯುವ ಬಗೆ

ಈಗಿನ ನಿಯಮಗಳಲ್ಲಿ ಕೆಲವು ಹೊರಗಿನವರಿಗೆ ಅತಿ ಎನಿಸುತ್ತವೆ. ಕೋಚ್ ಒಬ್ಬನೇ ಮಗುವನ್ನು ಕಾರಿನಲ್ಲಿ ಬಿಟ್ಟುಬಂದರೆ ಏನಾಗಿಹೋಗುತ್ತದೆ? ಪಂದ್ಯ ಎಷ್ಟು ಗಂಟೆಗೆ ಎಂದು ಹುಡುಗನಿಗೇ ಸಂದೇಶ ಕಳಿಸಿದರೆ ತಪ್ಪೇನು? ಉತ್ತರ ನ್ಯಾಯಾಲಯದ ದಾಖಲೆಗಳಲ್ಲಿದೆ. ಬೆನೆಲ್‌ನ ಮನೆಯಲ್ಲಿ ಜೂಕ್‌ಬಾಕ್ಸ್, ಆಟದ ಯಂತ್ರಗಳು, ಪೂಲ್ ಮೇಜು, ಸಾಕಿದ ಕೋತಿ ಎಲ್ಲ ಇದ್ದವು. ಹತ್ತು ಹನ್ನೆರಡರ ಹುಡುಗನಿಗೆ ಅದು ಸ್ವರ್ಗ. ಮಗನ ಭವಿಷ್ಯ ಈತನ ಕೈಯಲ್ಲಿದೆ ಎಂದು ತಂದೆತಾಯಿ ನಂಬಿದ್ದರು, ಹುಡುಗನೂ ನಂಬಿದ್ದ. ಉಡುಗೊರೆ, ಹೊಗಳಿಕೆ, ಇತರರಿಗಿಂತ ನೀನು ಬೇರೆ ಎಂಬ ಮಾತು, ಮನೆಯವರ ವಿಶ್ವಾಸ, ಆಮೇಲೆ ಇಬ್ಬರ ನಡುವಿನ ಒಂದು ಗುಟ್ಟು, ಕೊನೆಗೆ ತಂಡದಿಂದ ಕೈಬಿಡುವ ಬೆದರಿಕೆ: ಮಕ್ಕಳ ರಕ್ಷಣೆಯಲ್ಲಿ ಕೆಲಸ ಮಾಡುವವರು ಗ್ರೂಮಿಂಗ್ ಎಂದು ಕರೆಯುವ ಕ್ರಮ ಇದು. ಕನ್ನಡದಲ್ಲಿ ಪುಸಲಾಯಿಸುವುದು ಎಂಬ ಮಾತಿದೆ, ಆದರೆ ಇಲ್ಲಿ ಪುಸಲಾಯಿಸುವುದು ಮಗುವನ್ನು ಮಾತ್ರವಲ್ಲ. ಮನೆಯವರನ್ನು, ಕ್ಲಬ್ಬನ್ನು, ಕೆಲವೊಮ್ಮೆ ಇಡೀ ಊರನ್ನು.

ಇದನ್ನು ತಿಳಿದರೆ ನಿಯಮಗಳ ತರ್ಕ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಒಬ್ಬ ದೊಡ್ಡವನು, ಒಂದು ಮಗು, ಮುಚ್ಚಿದ ಬಾಗಿಲು, ಇಬ್ಬರಿಗಷ್ಟೇ ಗೊತ್ತಿರುವ ಮಾತು, ಇವು ಒಟ್ಟಿಗೆ ಸೇರುವ ಸಂದರ್ಭವೇ ಬಾರದಂತೆ ದಿನಚರಿಯನ್ನು ಜೋಡಿಸುವುದು ಅವುಗಳ ಗುರಿ. ಮಗು ಧೈರ್ಯವಾಗಿ ಬೇಡ ಎನ್ನಬೇಕು, ಓಡಿಬರಬೇಕು, ಹೇಳಬೇಕು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಕಲಿಸಲೇಬೇಕು. ಆದರೆ ಎಂಟು ವರ್ಷದ ಮಗುವಿನ ಧೈರ್ಯದ ಮೇಲೆ ಒಂದು ಕ್ಲಬ್ಬಿನ ಸುರಕ್ಷತೆ ನಿಲ್ಲಬಾರದು. ಆ ಭಾರವನ್ನು ಮಗುವಿನ ಹೆಗಲಿಂದ ಇಳಿಸಿ ದೊಡ್ಡವರ ಹೆಗಲಿಗೆ ಹಾಕುವುದು ಈ ವ್ಯವಸ್ಥೆಯ ತಿರುಳು ಎಂದು ಈ ಲೇಖಕನ ತಿಳಿವಳಿಕೆ.

ಕ್ಲಬ್ಬಿನೊಳಗಿನ ಕಟ್ಟಳೆಗಳು

ಎಫ್‌ಎಗೆ ಸೇರಿದ, ಮಕ್ಕಳ ತಂಡವಿರುವ ಪ್ರತಿಯೊಂದು ಕ್ಲಬ್ಬಿನಲ್ಲೂ ಮಕ್ಕಳ ಹಿತ ನೋಡಿಕೊಳ್ಳುವ ವೆಲ್‌ಫೇರ್ ಆಫೀಸರ್ ಇರಲೇಬೇಕು. ಹೆಸರು ದೊಡ್ಡದು, ಕೆಲಸಕ್ಕೆ ಸಂಬಳವಿಲ್ಲ. ಸಾಮಾನ್ಯವಾಗಿ ಆಡುವ ಮಗುವೊಂದರ ತಾಯಿಯೋ ತಂದೆಯೋ ಈ ಹೊಣೆ ಹೊರುತ್ತಾರೆ. ಅವರು ನಿಗದಿಯಾದ ತರಬೇತಿ ಪಡೆದಿರಬೇಕು, ಅವರ ಹಿನ್ನೆಲೆ ತಪಾಸಣೆ ಆಗಿರಬೇಕು, ಅವರ ಹೆಸರು ಮತ್ತು ಫೋನ್ ನಂಬರ್ ಎಲ್ಲ ಮಕ್ಕಳಿಗೂ ಮನೆಯವರಿಗೂ ಗೊತ್ತಿರಬೇಕು. ಅವರ ಮೇಲೆ ಆಯಾ ಕೌಂಟಿಯ ಫುಟ್‌ಬಾಲ್ ಸಂಸ್ಥೆಯಲ್ಲಿ ಈ ಕೆಲಸಕ್ಕೆಂದೇ ನೇಮಕವಾದ ಅಧಿಕಾರಿ, ಅದರ ಮೇಲೆ ಎಫ್‌ಎಯ ಪ್ರಕರಣ ವಿಭಾಗ. ಇಂಗ್ಲೆಂಡಿಗೆ ಐಟಿ ಕೆಲಸಕ್ಕೆಂದೋ ಆಸ್ಪತ್ರೆಯ ಕೆಲಸಕ್ಕೆಂದೋ ಹೋದ ಕನ್ನಡಿಗ ಕುಟುಂಬಗಳ ಮಕ್ಕಳೂ ವಾರಾಂತ್ಯದಲ್ಲಿ ಇಂಥ ಕ್ಲಬ್‌ಗಳಲ್ಲಿ ಆಡುತ್ತಾರೆ. ಸಹಾಯಕ್ಕೆಂದು ಮುಂದೆ ಬರುವ ಅಪ್ಪನೊಬ್ಬ ಕೋಚ್‌ಗೆ ಕೈಜೋಡಿಸುವ ಮುನ್ನ ಫಾರ್ಮ್ ತುಂಬಬೇಕು, ಗುರುತಿನ ದಾಖಲೆ ತೋರಿಸಬೇಕು. ತನ್ನನ್ನೇ ಅನುಮಾನಿಸುತ್ತಿದ್ದಾರೆ ಎಂದು ಮೊದಲಿಗೆ ಕಸಿವಿಸಿಯಾಗಬಹುದು. ಆದರೆ ಮೂವತ್ತು ವರ್ಷ ಅದೇ ಕ್ಲಬ್ಬಿನಲ್ಲಿ ದುಡಿದ ಸ್ಥಳೀಯನೂ ಅದೇ ಫಾರ್ಮ್ ತುಂಬುತ್ತಾನೆ.

ಈ ಹಿನ್ನೆಲೆ ತಪಾಸಣೆಗೆ ಡಿಬಿಎಸ್ ಎಂದು ಹೆಸರು. 2002ರಲ್ಲಿ ಶುರುವಾದ ಅಪರಾಧ ದಾಖಲೆಗಳ ಕಚೇರಿಯೇ 2012ರಲ್ಲಿ ಇನ್ನೊಂದು ಸಂಸ್ಥೆಯೊಂದಿಗೆ ಸೇರಿ ಈ ರೂಪ ಪಡೆಯಿತು. ಮಕ್ಕಳೊಂದಿಗೆ ನಿಯಮಿತವಾಗಿ ಕೆಲಸ ಮಾಡುವ, 16 ವರ್ಷ ದಾಟಿದ ಎಲ್ಲರೂ ಇದಕ್ಕೆ ಒಳಪಡಬೇಕು. ಎಫ್‌ಎ ಪ್ರಕಾರ ಮೂರು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕು. ಆದರೆ ಈ ಪ್ರಮಾಣಪತ್ರವನ್ನೇ ಕೋಟೆ ಎಂದು ನಂಬಿದ ಕ್ಲಬ್ ಮೋಸಹೋಗುತ್ತದೆ. ಸಿಕ್ಕಿಬಿದ್ದವರನ್ನು ಮಾತ್ರ ಅದು ತೋರಿಸಬಲ್ಲದು. 1994ಕ್ಕೆ ಮುಂಚೆ ಇಂಥ ತಪಾಸಣೆ ಇದ್ದಿದ್ದರೂ ಬೆನೆಲ್‌ನ ಕಾಗದ ಖಾಲಿಯಾಗಿಯೇ ಬರುತ್ತಿತ್ತು. ಹಾಗಾಗಿ ಹಿಂದೆ ಕೆಲಸ ಮಾಡಿದ ಕಡೆ ವಿಚಾರಿಸುವುದು, ಎದುರು ಕೂರಿಸಿಕೊಂಡು ಮಾತಾಡುವುದು, ಆರಂಭದ ತಿಂಗಳುಗಳಲ್ಲಿ ಹತ್ತಿರದಿಂದ ಗಮನಿಸುವುದು, ಇವು ಪ್ರಮಾಣಪತ್ರದಷ್ಟೇ ಮುಖ್ಯ ಎಂದು ಮಾರ್ಗಸೂಚಿಗಳು ಹೇಳುತ್ತವೆ. ಕೆಲಸ ಹಂಚುವ ಅವಸರದಲ್ಲಿ ಇವೇ ಮೊದಲು ಬಿಟ್ಟುಹೋಗುವುದು.

ತರಬೇತಿಯ ಹೊತ್ತಿನಲ್ಲಿ ಕನಿಷ್ಠ ಇಬ್ಬರು ದೊಡ್ಡವರು ಇರಬೇಕು. ಒಂದು ಮಗುವಿನ ಕಾಲು ಉಳುಕಿ ಒಬ್ಬರು ಅದರೊಂದಿಗೆ ಹೋದರೂ ಉಳಿದವರನ್ನು ನೋಡಲು ಜನ ಬೇಕಲ್ಲ. ಎನ್‌ಎಸ್‌ಪಿಸಿಸಿಯ ಸಲಹೆಯಂತೆ 4ರಿಂದ 8 ವರ್ಷದ ಆರು ಮಕ್ಕಳಿಗೆ ಒಬ್ಬರು, 9ರಿಂದ 12ರ ಎಂಟು ಮಕ್ಕಳಿಗೆ ಒಬ್ಬರು, 13ರ ಮೇಲಿನ ಹತ್ತು ಮಕ್ಕಳಿಗೆ ಒಬ್ಬರು. ಬಟ್ಟೆ ಬದಲಿಸುವ ಕೋಣೆಯಲ್ಲಿ ದೊಡ್ಡವರು ಮಕ್ಕಳೊಂದಿಗೆ ಬಟ್ಟೆ ಬದಲಿಸುವಂತಿಲ್ಲ, ಸ್ನಾನ ಮಾಡುವಂತಿಲ್ಲ. ಅಲ್ಲಿ ಫೋನ್ ಹೊರತೆಗೆಯುವಂತಿಲ್ಲ. ಅನೇಕ ಮಕ್ಕಳು ಮನೆಯಲ್ಲೇ ಜೆರ್ಸಿ ತೊಟ್ಟು ಬರುತ್ತಾರೆ, ಅದು ಎಲ್ಲಕ್ಕಿಂತ ಸುಲಭ. ಫೋಟೊ ತೆಗೆಯಲು ಮನೆಯವರ ಒಪ್ಪಿಗೆ ಬೇಕು, ಪ್ರಕಟಿಸುವಾಗ ಚಿತ್ರದೊಂದಿಗೆ ಮಗುವಿನ ಪೂರ್ತಿ ಹೆಸರು ಹಾಕಬಾರದು. ಇದರ ಹಿಂದೆ ಇನ್ನೊಂದು ಕಾರಣವೂ ಇದೆ. ಹಿಂಸಿಸುವ ಸಂಬಂಧಿಯಿಂದ ದೂರ ಇಡಲೆಂದು ನ್ಯಾಯಾಲಯದ ಆದೇಶದ ಮೇರೆಗೆ ಬೇರೆ ಊರಿನಲ್ಲಿ ಬೆಳೆಯುತ್ತಿರುವ ಮಗು ತಂಡದಲ್ಲಿರಬಹುದು. ಗೆದ್ದ ತಂಡದ ಒಂದು ಚಿತ್ರ ಆ ಮಗುವಿನ ವಿಳಾಸ ಕೊಟ್ಟುಬಿಡುತ್ತದೆ.

ಸಂದೇಶಗಳ ವಿಷಯ ಈಗ ದಿನವೂ ಎದುರಾಗುವಂಥದ್ದು. ಕೋಚ್ ಮಗುವಿಗೆ ಖಾಸಗಿಯಾಗಿ ಬರೆಯಬಾರದು. ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು ಅಥವಾ ಮನೆಯವರೊಬ್ಬರಿಗೂ ಅದೇ ಸಂದೇಶ ಹೋಗಬೇಕು. ಸಾಮಾಜಿಕ ಜಾಲತಾಣದಲ್ಲಿ ಗೆಳೆತನ ಬೇಡ. ಕಾರಿನಲ್ಲಿ ಒಬ್ಬನೇ ಮಗುವನ್ನು ಕರೆದೊಯ್ಯಬಾರದು. ತರಬೇತಿ ಮುಗಿದು ಎಲ್ಲರೂ ಹೋದ ಮೇಲೆ ಒಂದು ಮಗುವಿನ ಅಮ್ಮ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಳೆ ಎಂದುಕೊಳ್ಳಿ. ಚಳಿ ಇದೆ, ಕತ್ತಲಾಗುತ್ತಿದೆ. ಮನೆ ಎರಡೇ ಮೈಲಿ ದೂರ. ಕೋಚ್ ಒಳ್ಳೆಯವನು, ಬಿಟ್ಟುಬಂದರೆ ಎಲ್ಲರಿಗೂ ಅನುಕೂಲ. ಆದರೂ ಅವನು ಇನ್ನೊಬ್ಬ ದೊಡ್ಡವರನ್ನು ನಿಲ್ಲಿಸಿಕೊಂಡು ದೀಪದ ಬೆಳಕಿನಲ್ಲಿ ಕಾಯಬೇಕು, ಮನೆಗೆ ಫೋನ್ ಮಾಡುತ್ತಿರಬೇಕು. ಒಳ್ಳೆಯ ಕೋಚ್ ಕಾಯುವುದರಿಂದಲೇ, ಕಾಯದೆ ಕರೆದೊಯ್ಯುವವನು ಎಲ್ಲರ ಕಣ್ಣಿಗೆ ಬೀಳುತ್ತಾನೆ. ಎಲ್ಲರೂ ಮಕ್ಕಳನ್ನು ಮನೆಗೆ ಬಿಡುವ ಕ್ಲಬ್ಬಿನಲ್ಲಿ ಯಾರ ಕಾರು ಅನುಮಾನದ್ದು ಎಂದು ಹೇಗೆ ತಿಳಿಯಬೇಕು?

ಕಾನೂನಿನಲ್ಲೂ ಬಹುಕಾಲ ಒಂದು ಬಿರುಕು ಉಳಿದಿತ್ತು. ಬ್ರಿಟನ್ನಿನಲ್ಲಿ ಲೈಂಗಿಕ ಸಮ್ಮತಿಯ ವಯಸ್ಸು 16. ಶಿಕ್ಷಕರಂಥ ನಂಬಿಕೆಯ ಸ್ಥಾನದಲ್ಲಿರುವವರು 16, 17ರ ವಿದ್ಯಾರ್ಥಿಗಳೊಂದಿಗೆ ಸಂಬಂಧ ಬೆಳೆಸುವುದು ಅಪರಾಧವಾಗಿತ್ತು, ಕ್ರೀಡಾ ಕೋಚ್‌ಗಳು ಆ ಪಟ್ಟಿಯಲ್ಲಿ ಇರಲಿಲ್ಲ. ತಂಡದ ಆಯ್ಕೆಯೇ ಕೈಯಲ್ಲಿರುವವನ ಮುಂದೆ ಹದಿನೇಳರ ಹುಡುಗಿಯ ಸಮ್ಮತಿಗೆ ಏನು ಅರ್ಥ ಎಂದು ಮಕ್ಕಳ ಸಂಸ್ಥೆಗಳು ವರ್ಷಗಟ್ಟಲೆ ಕೇಳಿದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರಲ್ಲಿ ಕೋಚ್‌ಗಳನ್ನೂ ಧಾರ್ಮಿಕ ಮುಖಂಡರನ್ನೂ ಕಾನೂನು ಆ ಪಟ್ಟಿಗೆ ಸೇರಿಸಿತು.

ಮಗು ಬಾಯಿಬಿಟ್ಟಾಗ

ಯಾವ ನಿಯಮವೂ ಎಲ್ಲ ಕೆಡುಕನ್ನೂ ತಡೆಯದು. ಒಂದು ಸಂಜೆ ಬೂಟಿನ ಲೇಸು ಕಟ್ಟಿಸಿಕೊಳ್ಳುತ್ತಿರುವ ಮಗು ಇದ್ದಕ್ಕಿದ್ದಂತೆ ಏನನ್ನೋ ಹೇಳಿಬಿಡಬಹುದು. ಅದು ಕ್ಲಬ್ಬಿನೊಳಗಿನ ವಿಷಯವೇ ಆಗಬೇಕಿಲ್ಲ. ಮನೆಯ ಹೊಡೆತ, ಹಸಿವು, ಶಾಲೆಯ ಪೀಡನೆಯೂ ಇರಬಹುದು. ಆ ಕ್ಷಣದಲ್ಲಿ ಏನು ಮಾಡಬೇಕು ಎಂಬ ತರಬೇತಿ ಈ ವ್ಯವಸ್ಥೆಯ ಅತ್ಯಂತ ಮಾನವೀಯ ಭಾಗ.

ಮೊದಲು ಕೇಳಿಸಿಕೊಳ್ಳಬೇಕು. ಮುಖದಲ್ಲಿ ಗಾಬರಿ, ಅಸಹ್ಯ ಕಾಣಿಸಬಾರದು. ಕಂಡರೆ ಮಗು ತಾನೇ ತಪ್ಪು ಮಾಡಿದೆನೆಂದು ಬಾಯಿ ಮುಚ್ಚುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು. ಕೊಟ್ಟ ಮಾತು ಮುರಿದರೆ ಮಗು ನಂಬಿದ ಕೊನೆಯ ದೊಡ್ಡವರೂ ಸುಳ್ಳುಗಾರರಾಗುತ್ತಾರೆ, ಮುರಿಯದಿದ್ದರೆ ಮಗು ಅಪಾಯದಲ್ಲೇ ಉಳಿಯುತ್ತದೆ. ಅವನು ನಿನ್ನನ್ನು ಮುಟ್ಟಿದನಾ ಎಂಬಂಥ ಉತ್ತರ ಬಾಯಿಗಿಡುವ ಪ್ರಶ್ನೆ ಕೇಳಬಾರದು. ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ ಎನ್ನಬೇಕು. ಆಮೇಲೆ ಆದಷ್ಟು ಬೇಗ ಮಗು ಆಡಿದ ಮಾತುಗಳನ್ನು ಮಗುವಿನ ಮಾತಿನಲ್ಲೇ, ತಿದ್ದದೆ, ದಿನಾಂಕ ಸಮಯದೊಂದಿಗೆ ಬರೆದಿಡಬೇಕು. ವೆಲ್‌ಫೇರ್ ಆಫೀಸರ್‌ಗೆ ತಿಳಿಸಬೇಕು. ಕೂಡಲೇ ಅಪಾಯವಿದ್ದರೆ ನೇರ ಪೊಲೀಸರಿಗೆ. ಕ್ಲಬ್ ತಾನೇ ತನಿಖೆಗೆ ಇಳಿಯಬಾರದು. ಆಪಾದಿತನನ್ನು ಕರೆದು ನಿಜವೇ ಎಂದು ಕೇಳುವುದು ಸಹಜ ಅನಿಸಬಹುದು, ಆದರೆ ಅದರಿಂದ ಸಾಕ್ಷ್ಯ ಅಳಿಯುತ್ತದೆ, ಮಗುವಿನ ಮೇಲೆ ಒತ್ತಡ ಬೀಳುತ್ತದೆ. ತನಿಖೆ ನಡೆಯುವಷ್ಟು ಕಾಲ ಕೋಚ್‌ನನ್ನು ಮಕ್ಕಳಿಂದ ದೂರ ಇಡುವುದು ಶಿಕ್ಷೆಯಲ್ಲ, ಎರಡೂ ಕಡೆಗೆ ನ್ಯಾಯ ಸಿಗಲೆಂದು ಮಾಡುವ ಏರ್ಪಾಡು. ಆರೋಪ ಸುಳ್ಳಾದಾಗ ಆ ಮನುಷ್ಯ ಅನುಭವಿಸುವ ನೋವು ನಿಜವಾದದ್ದೇ. ಗುಟ್ಟು ಕಾಪಾಡಬೇಕು, ಹೆಸರು ಗುಂಪುಗಳಲ್ಲಿ ಹರಿದಾಡಬಾರದು ಎಂದು ನಿಯಮಗಳು ಒತ್ತಿ ಹೇಳುವುದು ಅದಕ್ಕೂ ಹೌದು.

ಎಲ್ಲ ದೂರುಗಳೂ ಅಪರಾಧದವಲ್ಲ. ಹೆಚ್ಚಿನವು ಕೆಟ್ಟ ಅಭ್ಯಾಸದವು: ಸೋತ ಮಕ್ಕಳಿಗೆ ಶಿಕ್ಷೆಯಾಗಿ ಓಡಿಸಿದ್ದು, ದಪ್ಪಗಿರುವ ಹುಡುಗನಿಗೆ ಅಡ್ಡಹೆಸರು ಇಟ್ಟದ್ದು, ಗಾಯವಾದರೂ ಆಡಿಸಿದ್ದು. ಇವನ್ನೂ ಬರೆದಿಡುವುದು ಮುಖ್ಯ. ಒಬ್ಬೊಬ್ಬರು ನೋಡಿದ ಸಣ್ಣ ಸಣ್ಣ ಸಂಗತಿ ಒಂದೇ ಕಡತಕ್ಕೆ ಬಂದಾಗ ಮಾತ್ರ ದೊಡ್ಡದೇನೋ ಇದೆ ಎಂಬುದು ಕಾಣುತ್ತದೆ. 1980ರ ದಶಕದ ಕ್ಲಬ್‌ಗಳಲ್ಲಿ ಅನುಮಾನಪಟ್ಟವರು ಇರಲಿಲ್ಲವೆಂದಲ್ಲ. ಅವರ ಅನುಮಾನಗಳು ಸೇರುವ ಜಾಗ ಇರಲಿಲ್ಲ. ಅಂಗವೈಕಲ್ಯವಿರುವ ಮಕ್ಕಳು, ಕಿವಿ ಕೇಳದ ಮಕ್ಕಳು ಹೇಳಿಕೊಳ್ಳುವ ದಾರಿ ಇನ್ನೂ ಕಿರಿದು, ಆದ್ದರಿಂದ ಅವರ ತಂಡಗಳಲ್ಲಿ ಈ ಎಚ್ಚರ ಇಮ್ಮಡಿ ಬೇಕು.

ಗೆರೆಯಾಚೆಯ ದೊಡ್ಡವರು

ಲೈಂಗಿಕ ದೌರ್ಜನ್ಯ ಅತಿ ಘೋರವಾದದ್ದು. ಆದರೆ ಹೆಚ್ಚು ಮಕ್ಕಳು ದಿನನಿತ್ಯ ಎದುರಿಸುವುದು ಕೂಗಾಟವನ್ನು. ಮೈದಾನದ ಅಂಚಿನಲ್ಲಿ ನಿಂತ ಅಪ್ಪ ಮಗನ ಪ್ರತಿ ಹೆಜ್ಜೆಗೂ ಆದೇಶ ಕೊಡುತ್ತಾನೆ, ಎದುರಾಳಿ ಮಗುವನ್ನು ಬೈಯುತ್ತಾನೆ, ರೆಫರಿಯ ಮೇಲೆ ಎಗರುತ್ತಾನೆ. ಇದನ್ನು ತಡೆಯಲೆಂದು ಎಫ್‌ಎ 2008ರಲ್ಲಿ ‘ರೆಸ್ಪೆಕ್ಟ್’ ಎಂಬ ಕಾರ್ಯಕ್ರಮ ಆರಂಭಿಸಿತು. ಆಟಗಾರರು, ಕೋಚ್‌ಗಳು, ರೆಫರಿಗಳು, ನೋಡಲು ಬರುವ ಮನೆಯವರು ಎಲ್ಲರಿಗೂ ಬೇರೆಬೇರೆ ನಡವಳಿಕೆಯ ಸಂಹಿತೆ ಬರೆಯಲಾಯಿತು. ಋತುವಿನ ಆರಂಭದಲ್ಲಿ ಅದನ್ನು ಓದಿ ಒಪ್ಪಿದ ಮೇಲೆಯೇ ಮಗುವಿನ ನೋಂದಣಿ. ಮೈದಾನದ ಒಂದು ಬದಿಯಲ್ಲಿ ಹಗ್ಗ ಕಟ್ಟಿ ನೋಡುವವರೆಲ್ಲ ಅದರ ಹಿಂದೆ ನಿಲ್ಲುವಂತೆ ಮಾಡಿದರು. ಗೋಲಿನ ಹಿಂದೆ ನಿಂತು ಗೋಲ್‌ಕೀಪರ್‌ನ ಕಿವಿಯಲ್ಲಿ ಗೊಣಗುವ ಅಪ್ಪಂದಿರಿಗೆ ಆ ಹಗ್ಗವೇ ಉತ್ತರ. ಕೆಲವು ಲೀಗ್‌ಗಳು ಆಗಾಗ ಮೌನದ ವಾರಾಂತ್ಯ ನಡೆಸುತ್ತವೆ. ಅಂದು ಚಪ್ಪಾಳೆಗೆ ಮಾತ್ರ ಅವಕಾಶ. ಅಂಚಿನ ಆದೇಶಗಳು ನಿಂತಾಗ ಮೈದಾನದೊಳಗೆ ಮಕ್ಕಳ ಮಾತು ಕೇಳಿಸತೊಡಗುತ್ತದೆ: ಕೊಡು, ಹಿಂದೆ ನೋಡು, ನಾನಿದ್ದೇನೆ.

ರೆಫರಿಯೂ ಮಗುವೇ ಆಗಿರಬಹುದು ಎಂಬುದನ್ನು ಅನೇಕರು ಮರೆಯುತ್ತಾರೆ. ಇಂಗ್ಲೆಂಡಿನಲ್ಲಿ 14 ವರ್ಷಕ್ಕೇ ರೆಫರಿ ತರಬೇತಿ ಪಡೆಯಬಹುದು. ಒಂಬತ್ತರ ಮಕ್ಕಳ ಪಂದ್ಯಕ್ಕೆ ಸೀಟಿ ಊದುವ ಹದಿನೈದರ ಹುಡುಗಿಯ ಮೇಲೆ ನಲವತ್ತರ ಗಂಡಸು ಕಿರುಚಿದರೆ ಅದು ಆಟದ ಬಿಸಿ ಅಲ್ಲ, ಮಗುವಿನ ಮೇಲಿನ ದೌರ್ಜನ್ಯ. ಅದನ್ನು ಹಾಗೆಂದೇ ದಾಖಲಿಸಬೇಕು. ಹಲವು ಕೌಂಟಿಗಳಲ್ಲಿ ಹದಿನೆಂಟರೊಳಗಿನ ರೆಫರಿಗಳು ಗುರುತಿಗಾಗಿ ತೋಳುಪಟ್ಟಿ ಧರಿಸುತ್ತಾರೆ. ದೊಡ್ಡವರಿಗೆ ಅಷ್ಟನ್ನು ಪಟ್ಟಿ ಕಟ್ಟಿ ನೆನಪಿಸಬೇಕಾಗಿ ಬಂದಿದೆ.

ನಡವಳಿಕೆಯನ್ನು ಬೈದು ತಿದ್ದುವುದಕ್ಕಿಂತ ಆಟದ ರಚನೆಯನ್ನೇ ಬದಲಿಸಿದ್ದು ಹೆಚ್ಚು ಫಲ ಕೊಟ್ಟಿತು ಎನ್ನಬೇಕು. 2012ರಲ್ಲಿ ಎಫ್‌ಎ ಒಪ್ಪಿದ ಸುಧಾರಣೆಯಂತೆ ಏಳು ಎಂಟರ ಮಕ್ಕಳು ಐವರ ತಂಡದಲ್ಲಿ, ಒಂಬತ್ತು ಹತ್ತರವರು ಏಳು ಮಂದಿಯ ತಂಡದಲ್ಲಿ, ಹನ್ನೊಂದು ಹನ್ನೆರಡರವರು ಒಂಬತ್ತು ಮಂದಿಯ ತಂಡದಲ್ಲಿ ಚಿಕ್ಕ ಮೈದಾನಗಳಲ್ಲಿ ಆಡತೊಡಗಿದರು. ಹನ್ನೊಂದು ಮಂದಿಯ ಪೂರ್ಣ ಆಟ ಅದಾದ ಮೇಲೆ. ಚಿಕ್ಕವರ ಲೀಗಿನ ಅಂಕಪಟ್ಟಿ ಪ್ರಕಟಿಸುವುದನ್ನು ನಿಲ್ಲಿಸಲಾಯಿತು. ಹೊರಗೆ ಕರೆದ ಮಗುವನ್ನು ಮತ್ತೆ ಒಳಗೆ ಕಳಿಸಬಹುದು. ಪಟ್ಟಿಯಲ್ಲಿ ಮೇಲೇರುವ ಹಸಿವು ಇಲ್ಲದಾಗ ದುರ್ಬಲ ಮಗುವನ್ನು ಇಡೀ ಪಂದ್ಯ ಬೆಂಚಿನ ಮೇಲೆ ಕೂರಿಸುವ ಕಾರಣವೂ ತೆಳ್ಳಗಾಗುತ್ತದೆ.

ದೇಹದ ಸುರಕ್ಷತೆಯೂ ಇದೇ ವ್ಯವಸ್ಥೆಯ ಅಂಗ. ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರು ಮರೆವಿನ ಕಾಯಿಲೆಯಂಥ, ಮಿದುಳು ಸವೆಯುವ ರೋಗಗಳಿಂದ ಸಾಯುವ ಸಂಭವ ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು ಗ್ಲಾಸ್ಗೊ ವಿಶ್ವವಿದ್ಯಾಲಯದ ಅಧ್ಯಯನ 2019ರಲ್ಲಿ ತೋರಿಸಿತು. ಮರುವರ್ಷದ ಫೆಬ್ರವರಿಯಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ಸಂಸ್ಥೆಗಳು ಹನ್ನೊಂದು ವರ್ಷದೊಳಗಿನವರ ತರಬೇತಿಯಲ್ಲಿ ತಲೆಯಿಂದ ಚೆಂಡು ಹೊಡೆಸುವುದು ಬೇಡ ಎಂದವು.

ಹೊರಜಗತ್ತು, ಭಾರತ

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಗುವಿಗೆ ಹಿಂಸೆಯಿಂದ ರಕ್ಷಣೆಯನ್ನೂ ಆಟವಾಡುವ ಹಕ್ಕನ್ನೂ ಒಟ್ಟಿಗೆ ಕೊಟ್ಟಿದೆ. ಭಾರತ ಅದಕ್ಕೆ 1992ರಲ್ಲಿ ಸೇರಿತು. ಫಿಫಾ ತನ್ನ 211 ಸದಸ್ಯ ಸಂಸ್ಥೆಗಳಿಗಾಗಿ ‘ಫಿಫಾ ಗಾರ್ಡಿಯನ್ಸ್’ ಎಂಬ ಮಾರ್ಗದರ್ಶಿಯನ್ನು 2019ರಲ್ಲಿ ಹೊರತಂದಿತು.

ಭಾರತದಲ್ಲಿ ಈ ವಿಷಯ ಎದುರಾದದ್ದು ಒಂದು ಕಹಿ ಘಟನೆಯಿಂದ. 2022ರಲ್ಲಿ, 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲೇ ನಡೆಯಲು ಕೆಲವೇ ತಿಂಗಳಿರುವಾಗ, ಆತಿಥೇಯ ತಂಡದ ಸಹಾಯಕ ಕೋಚ್‌ನನ್ನು ಯುರೋಪ್ ಪ್ರವಾಸದಲ್ಲಿ ಅನುಚಿತವಾಗಿ ನಡೆದುಕೊಂಡ ಆರೋಪದ ಮೇಲೆ ಕೆಲಸದಿಂದ ತೆಗೆಯಲಾಯಿತು. ಅಷ್ಟು ಹೊತ್ತಿಗೆ ದೇಶದಲ್ಲಿ ಕಾನೂನಿನ ಕೊರತೆಯೇನೂ ಇರಲಿಲ್ಲ. 2012ರ ಪೋಕ್ಸೊ ಕಾಯ್ದೆ 18ರೊಳಗಿನ ಎಲ್ಲರನ್ನೂ, ಹುಡುಗರನ್ನೂ ಹುಡುಗಿಯರನ್ನೂ, ಲೈಂಗಿಕ ಅಪರಾಧಗಳಿಂದ ಸಮಾನವಾಗಿ ಕಾಯುತ್ತದೆ. ಅಪರಾಧ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದನ್ನೇ ಅದು ಅಪರಾಧವಾಗಿಸಿದೆ: ಸಾಮಾನ್ಯರಿಗೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ. ಈ ಶಿಕ್ಷೆ ಮಕ್ಕಳಿಗೆ ಅನ್ವಯಿಸದು ಎಂದೂ ಕಾಯ್ದೆ ಸ್ಪಷ್ಟಪಡಿಸುತ್ತದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ, ಸಮವಸ್ತ್ರ ತೊಡದ ಅಧಿಕಾರಿ ಪಡೆಯಬೇಕು. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ತಿಳಿಸುವ ಹೊಣೆ ಬಹುಕಾಲ ಮುಖ್ಯವಾಗಿ ಸಂಸ್ಥೆಗಳ ನಿಯಮದಿಂದ ಬಂದದ್ದು. ಈ ಒಂದು ಅಂಶದಲ್ಲಿ ಭಾರತದ ಕಾನೂನು ಹೆಚ್ಚು ಬಿಗಿಯಾಗಿದೆ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. ಹಲಸೂರಿನ ಬಳಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆ ಪೆಲೆಯ ಪ್ರತಿಮೆಯೂ ನಿಂತಿದೆ. ಅಂಥ ಬಡಾವಣೆಗಳಲ್ಲಿ ಆಟ ನಡೆಯುವುದು ಬಯಲಲ್ಲಿ, ಸುತ್ತಲಿನ ಮನೆಗಳ ಕಣ್ಣೆದುರು. ಕಲಿಸುವ ಅಣ್ಣ ಯಾರ ಮಗ ಎಂಬುದು ಎಲ್ಲರಿಗೂ ಗೊತ್ತು. ಈಚೆಗೆ ಅದರ ಪಕ್ಕದಲ್ಲೇ ಇನ್ನೊಂದು ಲೋಕ ಬೆಳೆದಿದೆ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಬಲೆ ಕಟ್ಟಿದ ಟರ್ಫ್‌ಗಳು, ತಿಂಗಳ ಶುಲ್ಕದ ಅಕಾಡೆಮಿಗಳು, ಅಪಾರ್ಟ್‌ಮೆಂಟಿಗೆ ಬಂದು ಕಲಿಸುವ ಕೋಚ್‌ಗಳು, ಹೊರ ಊರಿನ ಟೂರ್ನಿಗಳು. ಬಡಾವಣೆಯ ಪರಿಚಯದ ಕಾವಲು ಅಲ್ಲಿಲ್ಲ. ಪರಿಚಯವೇ ಕಾವಲಲ್ಲ ಎಂಬುದನ್ನು ಬೆನೆಲ್ ಕೋಚ್ ಆಗಿದ್ದ ಕ್ರೂ ಪಟ್ಟಣದ ಕಥೆ ಹೇಳುತ್ತದೆ, ಆದ್ದರಿಂದ ಬಯಲಿಗೂ ಟರ್ಫಿಗೂ ಬೇಕಾದದ್ದು ಒಂದೇ ನಿಯಮ.

ಆ ನಿಯಮ ಈಗಾಗಲೇ ಬರೆದಿಟ್ಟದ್ದು ಇದೆ. ಪೋಕ್ಸೊ ಕಾಯ್ದೆಯಡಿ 2020ರ ಮಾರ್ಚ್‌ನಲ್ಲಿ ಜಾರಿಯಾದ ನಿಯಮಾವಳಿ, ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಸಂಸ್ಥೆಗಳ ಸಾಲಿನಲ್ಲಿ ಶಾಲೆ, ಶಿಶುಪಾಲನಾ ಕೇಂದ್ರಗಳ ಜೊತೆ ಕ್ರೀಡಾ ಅಕಾಡೆಮಿಗಳನ್ನು ಹೆಸರಿಟ್ಟೇ ಸೇರಿಸಿದೆ. ಕಾಯಂ ಇರಲಿ ಗುತ್ತಿಗೆಯವರಿರಲಿ, ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಹಿನ್ನೆಲೆ ತಪಾಸಣೆ ಕಾಲಕಾಲಕ್ಕೆ ಆಗಬೇಕು, ಮಕ್ಕಳ ಸುರಕ್ಷತೆಯ ಬಗ್ಗೆ ಅವರಿಗೆ ತರಬೇತಿ ಕೊಡಿಸಬೇಕು. ಮಗುವನ್ನು ಸೇರಿಸಲು ಹೋದ ಅಮ್ಮ ಶುಲ್ಕ, ಜೆರ್ಸಿ, ಸಮಯ ವಿಚಾರಿಸಿದ ಮೇಲೆ ಇನ್ನೂ ಮೂರು ಮಾತು ಕೇಳಬಹುದು. ಕೋಚ್‌ಗಳ ಪೊಲೀಸ್ ಪರಿಶೀಲನೆ ಆಗಿದೆಯಾ? ಏನಾದರೂ ಹೇಳಬೇಕೆಂದರೆ ಕೋಚ್ ಅಲ್ಲದೆ ಇನ್ಯಾರಿಗೆ ಹೇಳಬೇಕು? ಹೊರ ಊರಿನ ಟೂರ್ನಿಗೆ ಹೋದಾಗ ರಾತ್ರಿ ಮಕ್ಕಳ ಕೋಣೆಯ ಜವಾಬ್ದಾರಿ ಯಾರದ್ದು? ಆಫೀಸಿನಲ್ಲಿ ಕೂತವರಿಗೆ ಉತ್ತರ ತಕ್ಷಣ ಹೊಳೆಯದಿದ್ದರೆ, ಅವರು ವಿಚಾರಿಸಿ ಹೇಳುವವರೆಗೆ ಶುಲ್ಕ ಕಟ್ಟದೆ ಕಾಯಬಹುದು. ಮಗು ತಾನೇ ಯಾರಿಗಾದರೂ ಹೇಳಿಕೊಳ್ಳಬೇಕೆಂದರೆ ದೇಶದ ಎಲ್ಲಿಂದಲಾದರೂ ಹಗಲು ರಾತ್ರಿ ಉಚಿತವಾಗಿ ಸಿಗುವ ಮಕ್ಕಳ ಸಹಾಯವಾಣಿಯ ಸಂಖ್ಯೆ 1098.